ಮೇಲಕ್ಕನ ಹತ್ತು ದಿನದ ತಂತಿ

ಆ ಕಟ್ಟಡದ ಕೆಲಸದಲ್ಲಿದ್ದ ಮುನ್ನೂರು ಚಿಲ್ಲರೆ ಜನರಲ್ಲಿ ಮೇಲಕ್ಕನ ಮುಖವನ್ನು ನೆಟ್ಟಗೆ ನೋಡಿದವರು ಹತ್ತಿಪ್ಪತ್ತು ಮಂದಿ ಇದ್ದರೆ ಹೆಚ್ಚು. ಉಳಿದವರ ಪಾಲಿಗೆ ಅವಳೆಂದರೆ ತಲೆಯ ಮೇಲೆ ತಿರುಗುವ ಹಳದಿ ಕ್ರೇನು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಏಣಿ ಹತ್ತುತ್ತಿದ್ದಳು, ಸಂಜೆ ಎಲ್ಲರೂ ಕೈಕಾಲು ತೊಳೆದು ಹೊರಟ ಮೇಲೆ ಇಳಿಯುತ್ತಿದ್ದಳು. ಅದನ್ನು ಜನ ಶ್ರದ್ಧೆ ಎಂದುಕೊಂಡಿದ್ದರು. ಜನಕ್ಕೇನು, ಕಂಡದ್ದಕ್ಕೆಲ್ಲ ಒಂದು ಒಳ್ಳೆಯ ಹೆಸರಿಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಅವಳು ಕೊನೆಗೆ ಇಳಿಯುತ್ತಿದ್ದುದು ತನ್ನ ಪ್ಯಾಂಟಿನ ಹಿಂಭಾಗ ಯಾರ ಕಣ್ಣಿಗೂ ಬೀಳದಿರಲಿ ಎಂದು.

ಹೌದು, ಇದು ಮೂತ್ರದ ಕಥೆ. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು. ಹೋಗುವವರು ದಾರಿಯಲ್ಲಿ ಒಂದು ಸಲವಾದರೂ ಆ ಕೆಲಸಕ್ಕೆ ನಿಂತೇ ನಿಲ್ಲುತ್ತಾರೆ, ಅಷ್ಟು ಮಾತ್ರ ನೆನಪಿಟ್ಟುಕೊಂಡರೆ ಸಾಕು.

ಅವಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದದ್ದು ಕಂಬಿ ಹೊರಲು. ಹೊತ್ತದ್ದನ್ನು ಇಳಿಸಿ ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಅಲ್ಲೊಬ್ಬ ಮುದುಕ ಗಾಜಿನ ಗೂಡಿನಲ್ಲಿ ಕೂತು, ಎರಡು ಕೈಯಲ್ಲಿ ಎರಡು ಹಿಡಿಗಳನ್ನು ಆಡಿಸುತ್ತ, ನೂರು ಜನ ಹೊರುವುದನ್ನು ಒಬ್ಬನೇ ಎತ್ತುತ್ತಿದ್ದ. "ನನಗೂ ಕಲಿಸಿ ತಾತ" ಎಂದು ಎರಡು ವರ್ಷ ಅವನ ಬೆನ್ನು ಬಿದ್ದಳು. ಈ ಪೀಡೆ ತೊಲಗಿದರೆ ಸಾಕೆಂದು ಮುದುಕ ಕಲಿಸಿದ. ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದ ಏಳು ಜನರಲ್ಲಿ ಹೆಂಗಸು ಇವಳೊಬ್ಬಳೇ. ಆಮೇಲೆ ಮದುವೆಯಾಯಿತು, ಎರಡು ಹೆರಿಗೆಯಾಯಿತು, ಮಕ್ಕಳು ಬೆಳೆದು ಹಾಸ್ಟೆಲ್ ಸೇರಿದರು. ಕ್ರೇನು ಮಾತ್ರ ಬಿಡಲಿಲ್ಲ. ಎರಡು ಟನ್ ಕಂಬಿಯ ಕಟ್ಟನ್ನು ಮಲಗಿದ ಮಗುವಿನ ಪಕ್ಕದಲ್ಲಿ ಇಟ್ಟರೂ ಮಗು ಏಳಬಾರದು, ಅಷ್ಟು ಹಗುರ ಅವಳ ಕೈ. ಮೇಲೆ ಹೋಗಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡರೆ ಅಲ್ಲಿ ಅವಳದೇ ರಾಜ್ಯ. ಅಷ್ಟು ತನ್ನದೆನಿಸಿದ ಜಾಗ ಅವಳಿಗೆ ನೆಲದ ಮೇಲೆ ಇನ್ನೊಂದಿರಲಿಲ್ಲ.

ಮೇಲಕ್ಕ ಎಂದು ಹೆಸರಿಟ್ಟವರು ಸಿಗ್ನಲ್ಲಣ್ಣ. ಕೆಳಗೆ ನಿಂತು ವಾಕಿಟಾಕಿಯಲ್ಲಿ ದಾರಿ ತೋರಿಸುವುದು ಅವರ ಕೆಲಸ. "ಮೇಲಕ್ಕ, ಎಡಕ್ಕೆ. ಇನ್ನೂ ಸ್ವಲ್ಪ. ಸಾಕು, ಇಳಿಸಿ." ಮೇಲಿನವರಿಗೆ ಗೋಡೆಯ ಆಚೆ ಏನಿದೆಯೆಂದು ಕಾಣುವುದಿಲ್ಲ, ಕೆಳಗಿನವರ ಮಾತನ್ನು ನಂಬಿಯೇ ಭಾರ ಇಳಿಸಬೇಕು. ಹನ್ನೊಂದು ವರ್ಷ ಅವಳು ಆ ದನಿಯನ್ನು ಕಣ್ಣು ಮುಚ್ಚಿಕೊಂಡು ನಂಬಿದ್ದಳು. ಆ ದನಿಗೇ ಏಳು ವರ್ಷದಿಂದ ಸುಳ್ಳು ಹೇಳುತ್ತಲೂ ಬಂದಿದ್ದಳು.

ಅವಳ ತೊಂದರೆ ಇಷ್ಟೇ: ಹೊಟ್ಟೆಯ ಕೆಳಗೆ ಇದ್ದಕ್ಕಿದ್ದಂತೆ ಒಂದು ಒತ್ತಡ ಏಳುತ್ತಿತ್ತು. ಎದ್ದಿತೆಂದರೆ ಎರಡು ನಿಮಿಷ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಹೋದರೆ ಸರಿ, ಇಲ್ಲದಿದ್ದರೆ ತಾನಾಗಿ ಹೋಗಿಬಿಡುತ್ತಿತ್ತು. ಹೋದರೂ ಬರುತ್ತಿದ್ದುದು ಕಾಲು ಲೋಟ. ದಿನಕ್ಕೆ ಹದಿನಾರು ಸಲ, ಹದಿನೇಳು ಸಲ. ಮನೆಯಲ್ಲಾದರೆ ಓಡಬಹುದು, ಐವತ್ತೆರಡು ಮೀಟರ್ ಎತ್ತರದ ಕ್ಯಾಬಿನ್ನಿನಿಂದ ಏಣಿಯಲ್ಲಿ ಇಳಿಯಲು ಹತ್ತು ನಿಮಿಷ ಬೇಕು. ಗಂಡಸು ಆಪರೇಟರುಗಳಿಗೆ ಒಂದು ಖಾಲಿ ಬಾಟಲಿ ಇದ್ದರೆ ಮುಗಿಯಿತು. ಮೂರು ಕಡೆ ಗಾಜು, ಕಾಲ ಕೆಳಗೂ ಗಾಜು ಇರುವ ಗೂಡಿನಲ್ಲಿ ಹೆಂಗಸು ಏನು ಮಾಡಬೇಕು? ಆ ಕ್ಯಾಬಿನ್ ಮಾಡಿದ ಮಹಾನುಭಾವನಿಗೆ ಈ ಪ್ರಶ್ನೆ ಹೊಳೆದಂತಿಲ್ಲ.

ಅದಕ್ಕೆ ಅವಳು ನೀರನ್ನೇ ಬಿಟ್ಟಳು. ರಾತ್ರಿ ಊಟದ ಜೊತೆ ಒಂದು ಲೋಟ ಕುಡಿದರೆ ಮತ್ತೆ ಮರುದಿನ ಸಂಜೆ ಮನೆಗೆ ಬಂದ ಮೇಲೆಯೇ. ತುಟಿ ಒಡೆಯುತ್ತಿತ್ತು, ತಲೆ ಸಿಡಿಯುತ್ತಿತ್ತು, ಒತ್ತಡ ಆದರೂ ಬರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅವಳಿಗೂ ಅವಳ ಮೂತ್ರಕೋಶಕ್ಕೂ ಹಾಗೆ. ದಪ್ಪ ಪ್ಯಾಡ್ ಹಾಕಿಕೊಂಡು ಕೂರುತ್ತಿದ್ದಳು. ತಡೆಯಲಾರದೆ ಇಳಿಯಬೇಕಾದಾಗ ವಾಕಿಟಾಕಿಯಲ್ಲಿ ಒಂದೊಂದು ದಿನ ಒಂದೊಂದು ನೆಪ: ಹೊಟ್ಟೆನೋವು, ಮನೆಯಿಂದ ಫೋನು, ತಲೆಸುತ್ತು. "ಸರಿ ಮೇಲಕ್ಕ, ಹುಷಾರಾಗಿ ಇಳೀರಿ" ಎನ್ನುತ್ತಿದ್ದರು ಸಿಗ್ನಲ್ಲಣ್ಣ. ಅವರು ಅಷ್ಟು ಒಳ್ಳೆಯ ದನಿಯಲ್ಲಿ ಹೇಳಿದಾಗಲೆಲ್ಲ ಇವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು.

ಔಷಧಿ ಮಾಡಲಿಲ್ಲವೆಂದಲ್ಲ. ಬೀದಿಯ ಕೊನೆಯ ಡಾಕ್ಟರು ಮೊದಲು ಸೋಂಕು ಎಂದರು, ಸೋಂಕಿರಲಿಲ್ಲ. ಆಮೇಲೆ ಕೆಳಹೊಟ್ಟೆಯ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ ಕಲಿಸಿದರು. ಆರು ತಿಂಗಳು ತಪ್ಪದೆ ಮಾಡಿದಳು. ಎರಡು ನಿಮಿಷವಿದ್ದದ್ದು ಮೂರಾಯಿತು. ಮಾತ್ರೆ ಕೊಟ್ಟರು. ಅದನ್ನು ತಿಂದರೆ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಒಣಗಿದರೆ ನೀರು ಕುಡಿಯಬೇಕು, ಕುಡಿದರೆ ಓಡಬೇಕು. ಹುಚ್ಚು ಬಿಡುವವರೆಗೂ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೂ ಹುಚ್ಚು ಬಿಡುವುದಿಲ್ಲ ಎಂಬ ಹಾಗಾಯಿತು. ಬದಲಿಸಿ ಕೊಟ್ಟ ಮಾತ್ರೆಗೆ ಮಧ್ಯಾಹ್ನ ಕಣ್ಣು ಎಳೆಯತೊಡಗಿತು. ಅಷ್ಟು ಎತ್ತರದಲ್ಲಿ, ಕೊಕ್ಕೆಯಲ್ಲಿ ಎರಡು ಟನ್ ನೇತಾಡುವಾಗ ತೂಕಡಿಕೆ. ಅವತ್ತೇ ಆ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆದಳು.

ಹೀಗೆಯೇ ಮುಚ್ಚಿಟ್ಟುಕೊಂಡು ಇನ್ನಷ್ಟು ವರ್ಷ ತಳ್ಳುತ್ತಿದ್ದಳೋ ಏನೋ. ಏಳನೆಯ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ ಬಂತು. ಕಾಂಕ್ರೀಟ್ ಹಾಕಲು ಶುರು ಮಾಡಿದರೆ ಮುಗಿಯುವವರೆಗೂ ನಿಲ್ಲಿಸುವ ಹಾಗಿಲ್ಲ. ಕೆಳಗಿನಿಂದ ಬಕೆಟ್ ತುಂಬಿ ಕಳಿಸುತ್ತಾರೆ, ಮೇಲೆ ಸುರಿಯುತ್ತಾರೆ, ಮತ್ತೆ ಕೆಳಗೆ. ಎರಡನೆಯ ಗಂಟೆಯಲ್ಲಿ ಒತ್ತಡ ಎದ್ದಿತು. ಹಲ್ಲು ಕಚ್ಚಿದಳು, ಕಾಲ ಮೇಲೆ ಕಾಲು ಹಾಕಿದಳು, ನೂರರಿಂದ ಹಿಂದಕ್ಕೆ ಎಣಿಸಿದಳು. ಕೊನೆಗೆ ತುಂಬಿದ ಬಕೆಟ್ಟನ್ನು ನೆಲಕ್ಕಿಳಿಸಿ, "ಅಣ್ಣ, ತಲೆಸುತ್ತು" ಎಂದು ಏಣಿ ಹಿಡಿದಳು. ಅರ್ಧ ಏಣಿಯಲ್ಲಿರುವಾಗಲೇ ಎಲ್ಲ ಮುಗಿದುಹೋಯಿತು. ಕೆಳಗೆ ಬಂದು ಸಿಮೆಂಟ್ ಶೆಡ್ಡಿನ ಹಿಂದೆ ನಿಂತು, ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಅಳದೆ ಮತ್ತೆ ಹತ್ತಿದಳು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಸ್ಲ್ಯಾಬಿನಲ್ಲಿ ಮೊದಲು ಹಾಕಿದ್ದು ಬಿಗಿದುಕೊಂಡು, ಆಮೇಲೆ ಹಾಕಿದ್ದರ ಜೊತೆ ಬೆರೆಯದೆ, ನಡುವೆ ಉದ್ದಕ್ಕೆ ಒಂದು ಗೆರೆ ಉಳಿಯಿತು.

ಎಂಜಿನಿಯರು ಕೆಟ್ಟವರಲ್ಲ. ಮರುದಿನ ಆಫೀಸಿಗೆ ಕರೆದು ಕುರ್ಚಿ ಕೊಟ್ಟು ಮಾತಾಡಿದರು.

"ನಿಮ್ಮ ಕೈಯಂಥ ಕೈ ನನ್ನ ಹತ್ತಿರ ಇನ್ನೊಂದಿಲ್ಲ. ಆದರೆ ಮುಂದಿನ ಕಟ್ಟಡದ ಕ್ರೇನು ತೊಂಬತ್ತು ಮೀಟರ್. ಒಂದು ಸಲ ಇಳಿದು ಹತ್ತಿದ್ರೆ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತೆ. ನಿಮ್ಮನ್ನ ಕಂಬಿ ಯಾರ್ಡಿಗೆ ಹಾಕೋಣ ಅಂತಿದ್ದೀನಿ. ಕೂತು ಮಾಡೋ ಕೆಲಸ."

"ನಾನು ಈಗಲೂ ಕೂತೇ ಮಾಡ್ತಿರೋದು ಸಾರ್."

ಎಂಜಿನಿಯರಿಗೆ ನಗು ಬಂತು, ಆದರೆ ಮಾತು ಬದಲಿಸಲಿಲ್ಲ. "ಆ ಕ್ರೇನು ನಿಲ್ಲೋಕೆ ಇನ್ನೂ ನಾಲ್ಕು ತಿಂಗಳಿದೆ. ಏನು ತೊಂದರೆ ಅಂತ ನಾನು ಕೇಳಲ್ಲ. ಸರಿ ಮಾಡ್ಕೊಂಡು ಬನ್ನಿ. ಆಗದಿದ್ರೆ ಬೇರೆಯವರನ್ನ ಕೂರಿಸಬೇಕಾಗುತ್ತೆ."

ಆ ದಿನ ಸಂಜೆ ಮನೆಗೆ ಬಂದಾಗ, ಹಿಂದಿನ ದಿನ ಬಕೆಟ್ಟಿನಲ್ಲಿ ನೆನೆಹಾಕಿ ಮೇಲೆ ಟವೆಲ್ ಮುಚ್ಚಿಟ್ಟಿದ್ದ ಪ್ಯಾಂಟು ಒಗೆದು, ಒಣಗಿ, ಮಡಿಸಿ ಮಂಚದ ಮೇಲಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಬೀದಿಯ ತಿರುವಿನ ಅಂಗಡಿ ದಾಟಿ ಆಚೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಮದುವೆಗೆ ಕರೆದರೆ ಬರುವುದಿಲ್ಲ, ಸಾವಿಗೂ ಹೋಗುವುದಿಲ್ಲ. ನೆಂಟರೆಲ್ಲ ಸೇರಿ 'ಜಂಬದ ರಾಣಿ' ಎಂದು ಹೆಸರಿಟ್ಟಿದ್ದರು. ಹಾಗೆ ಆಡಿಕೊಳ್ಳುವವರ ಜೊತೆ ಸೊಸೆಯೂ ಸೇರಿ ಎಷ್ಟೋ ಸಲ ನಕ್ಕಿದ್ದಳು.

"ಎಷ್ಟು ವರ್ಷದಿಂದ?" ಎಂದರು ಅತ್ತೆ.

"ಏನತ್ತೆ?"

"ನನ್ನ ಹತ್ತಿರ ಮುಚ್ಚಿಡಬೇಡ. ಕಣ್ಣು ಮಂಜಾಗಿದೆ, ಮೂಗು ಚೆನ್ನಾಗೇ ಇದೆ."

ಸೊಸೆ ಹೇಳಿದಳು. ಅತ್ತೆ ಮಡಿಸಿದ ಪ್ಯಾಂಟನ್ನು ಬಿಚ್ಚಿ ಮತ್ತೆ ಮಡಿಸಿದರು.

"ನನಗೆ ನಿನ್ನ ಗಂಡ ಹುಟ್ಟಿದಾಗಿನಿಂದ. ಅವನಿಗೆ ಈಗ ನಲವತ್ತಾರು, ಲೆಕ್ಕ ಹಾಕ್ಕೋ. ನನ್ನ ತಂಗಿ ಹೋದಾಗ ನಾನು ಹೋಗಲಿಲ್ಲ, ನಿನಗೂ ಗೊತ್ತು. ನಾಲ್ಕು ಗಂಟೆ ಬಸ್ಸು. ಹೇಗೆ ಹೋಗಲಿ? ಜಂಬ ಅಂದ್ರು. ಅದೇ ವಾಸಿ, ಹಾಗೇ ಅಂದ್ಕೊಳ್ಳಲಿ ಅಂತ ಬಿಟ್ಟೆ."

ಮೇಲಕ್ಕನ ಕಿವಿ ಬಿಸಿಯಾಯಿತು. ತಾನು ನಕ್ಕ ಒಂದೊಂದು ನಗುವೂ ನೆನಪಾಗಿ ಅತ್ತೆಯ ಮುಖ ನೋಡಲಾಗಲಿಲ್ಲ.

"ನಮ್ಮ ಕಾಲದಲ್ಲಿ ಯಾರನ್ನ ಕೇಳೋದು, ಏನಂತ ಕೇಳೋದು. ಮೂಲೆ ಹಿಡಿದೆ" ಎಂದರು ಅತ್ತೆ. "ನೀನು ಮೇಲಿದ್ದೋಳು. ಮೂಲೆ ಹಿಡೀಬೇಡ. ದೊಡ್ಡ ಆಸ್ಪತ್ರೆಗೆ ಹೋಗು."

ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗವಿತ್ತು. ಹೊರಗಿನ ಬೆಂಚುಗಳ ತುಂಬ ಹೆಂಗಸರು, ಎಲ್ಲರೂ ಬಾತ್‌ರೂಮಿನ ಬಾಗಿಲಿಗೆ ಹತ್ತಿರವಾಗುವ ಹಾಗೆ ಒತ್ತಿಕೊಂಡು ಕೂತಿದ್ದರು. ಅದನ್ನು ನೋಡಿಯೇ ಮೇಲಕ್ಕನಿಗೆ ಅರ್ಧ ಧೈರ್ಯ ಬಂತು. ಪರೀಕ್ಷೆಗಳಾದವು. ಒಬ್ಬ ಸಿಸ್ಟರ್ ಅಳತೆಯ ಜಗ್ಗನ್ನೂ ಗೆರೆ ಹಾಕಿದ ಕಾಗದವನ್ನೂ ಕೊಟ್ಟು, ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಹೋಯಿತು, ಎಷ್ಟು ಸಲ ತಡೆಯಲಾಗಲಿಲ್ಲ, ಎಲ್ಲ ಬರೆದು ತನ್ನಿ ಎಂದರು. ತೊಂದರೆ ಇದೆಯೆಂದು ತೋರಿಸಬೇಕಲ್ಲ, ಮೇಲಕ್ಕ ಆ ಮೂರು ದಿನ ರಜೆ ಹಾಕಿ ಧಾರಾಳವಾಗಿ ನೀರು ಕುಡಿದಳು. ದಿನಕ್ಕೆ ಹದಿನೇಳು ಸಲ ಹೋದದ್ದು, ಐದು ಸಲ ಒದ್ದೆಯಾದದ್ದು ಕಾಗದದಲ್ಲಿ ದಾಖಲಾಯಿತು.

ಡಾಕ್ಟರಮ್ಮ ಕಾಗದ ನೋಡಿ, "ನಿಮ್ಮ ಮೂತ್ರಕೋಶ ಗಾಬರಿ ಸ್ವಭಾವದ್ದು" ಎಂದರು. "ಕಾಲು ಭಾಗ ತುಂಬಿದ್ರೂ ತುಂಬಿಹೋಯ್ತು ಅಂತ ಕೂಗುತ್ತೆ. ವ್ಯಾಯಾಮ ಆಯ್ತು, ಎರಡು ಥರ ಮಾತ್ರೆ ಆಯ್ತು. ಅಷ್ಟಕ್ಕೂ ಬಗ್ಗದೆ ಇರೋದಕ್ಕೆ ಬೇರೆ ದಾರಿ ಇದೆ. ಹೊಟ್ಟೆ ಕೊಯ್ಯೋದೇನಿಲ್ಲ."

ದಾರಿ ಮೂರಿದ್ದವು. ಒಂದು, ಕಾಲಿನ ಹರಡಿನ ಹತ್ತಿರ ಕೂದಲಿನಷ್ಟು ಸಣ್ಣ ಸೂಜಿ ಚುಚ್ಚಿ, ಸಣ್ಣ ಕರೆಂಟು ಹರಿಸಿ, ಅಲ್ಲಿನ ನರದ ಮೂಲಕ ಮೂತ್ರಕೋಶವನ್ನು ಸಮಾಧಾನ ಮಾಡುವುದು. ವಾರಕ್ಕೊಮ್ಮೆ ಅರ್ಧ ಗಂಟೆ, ಹನ್ನೆರಡು ವಾರ. ಇನ್ನೊಂದು, ಸಪೂರ ಕೊಳವೆ ಹಾಕಿ ಮೂತ್ರಕೋಶದ ಗೋಡೆಗೇ ಇಂಜೆಕ್ಷನ್ ಕೊಡುವುದು. ಕೆಲವು ತಿಂಗಳು ಹಿಡಿದಿಡುತ್ತದೆ, ಮತ್ತೆ ಕೊಡಬೇಕು, ಕೆಲವರಿಗೆ ಆಮೇಲೆ ಮೂತ್ರ ಪೂರ್ತಿ ಹೊರಗೆ ಬರದೆ ಸ್ವಲ್ಪ ದಿನ ತಾವೇ ಕೊಳವೆ ಹಾಕಿಕೊಂಡು ತೆಗೆಯಬೇಕಾಗಬಹುದು. ಮೂರನೆಯದು, ಬೆನ್ನಿನ ಬುಡದಲ್ಲಿ ಮೂತ್ರಕೋಶದ ನರದ ಪಕ್ಕಕ್ಕೆ ಒಂದು ತೆಳು ತಂತಿ ಇಡುವುದು. ಅದನ್ನು ಮೊದಲು ಹತ್ತು ದಿನ ಪರೀಕ್ಷೆಗೆ ಮಾತ್ರ ಇಡುತ್ತಾರೆ, ತಂತಿಯ ಡಬ್ಬಿ ಹೊರಗೆ ಬೆಲ್ಟಿನಲ್ಲಿರುತ್ತದೆ. ತೊಂದರೆ ಅರ್ಧಕ್ಕರ್ಧ ಇಳಿದರೆ ಡಬ್ಬಿಯನ್ನು ಚರ್ಮದ ಒಳಗೆ ಕೂರಿಸುತ್ತಾರೆ. ಇಳಿಯದಿದ್ದರೆ ತಂತಿ ಎಳೆದು ತೆಗೆದು ಮನೆಗೆ ಕಳಿಸುತ್ತಾರೆ.

"ಎಲ್ಲರಿಗೂ ಹಿಡಿಸುತ್ತೆ ಅಂತ ನಾನು ಹೇಳಲ್ಲ" ಎಂದರು ಡಾಕ್ಟರಮ್ಮ. "ನೋಡಿದ್ರೇನೇ ಗೊತ್ತಾಗೋದು."

ಕೊಳವೆಯನ್ನು ಕ್ರೇನಿನ ಮೇಲೆ ಎಲ್ಲಿ ಹಾಕಿಕೊಳ್ಳುವುದು? ಅವಳು ತಂತಿ ಎಂದಳು. ಖರ್ಚು ಕೆಲಸದವರ ವಿಮೆಯಲ್ಲಿ ಬಂತು; ಅದರ ಕಾಗದಪತ್ರಕ್ಕೆ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗಂಡ ಓಡಾಡಿದ. ಅಮ್ಮನದೂ ಹೆಂಡತಿಯದೂ ಒಂದೇ ಕಥೆಯೆಂದು ಗೊತ್ತಾದ ದಿನ ಅವನು ಎದ್ದು ಹೋಗಿ ಬಾತ್‌ರೂಮಿನ ಬಾಗಿಲಿನ ಬಿಗಿಯಾದ ಚಿಲಕಕ್ಕೆ ಎಣ್ಣೆ ಬಿಟ್ಟು ಬಂದಿದ್ದ. ಅವನಿಗೆ ಆ ಕ್ಷಣ ತೋಚಿದ ಸಹಾಯ ಅದೊಂದೇ.

ತಂತಿ ಇಡುವ ದಿನ ಬೋರಲು ಮಲಗಿಸಿ, ಬೆನ್ನಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಮೇಲಕ್ಕನಿಗೆ ಅರೆ ಮಂಪರು. ಡಾಕ್ಟರಮ್ಮ ಪರದೆ ನೋಡುತ್ತ ಸೂಜಿ ಸರಿಸುತ್ತ, "ಎಲ್ಲಾದ್ರೂ ತಟ್ಟಿದ ಹಾಗೆ ಅನ್ನಿಸಿದ್ರೆ ಹೇಳಿ" ಎಂದರು. ಕಾಲಿನ ಹೆಬ್ಬೆರಳು ತಾನಾಗಿ ಒಂದು ಸಲ ಆಡಿತು. ಆಮೇಲೆ ಒಳಗೆಲ್ಲೋ ಸಣ್ಣಗೆ ತಟ್ಟತೊಡಗಿತು. "ಬಂತು. ಇನ್ನೂ ಸ್ವಲ್ಪ. ಸಾಕು, ನಿಲ್ಸಿ" ಎಂದಳು ಮೇಲಕ್ಕ. ಹನ್ನೊಂದು ವರ್ಷ ಕೇಳಿಸಿಕೊಂಡ ಮಾತು ಅವಳ ಬಾಯಿಂದಲೇ ಬಂದಿತ್ತು. ಅವತ್ತು ಎತ್ತುತ್ತಿದ್ದವರು ಬೇರೆ.

ಸೊಂಟದ ಬೆಲ್ಟಿನಲ್ಲಿ ಡಬ್ಬಿ ಕಟ್ಟಿಕೊಂಡು ಮನೆಗೆ ಬಂದಳು. ಬಗ್ಗಬೇಡಿ, ಭಾರ ಎತ್ತಬೇಡಿ, ಬೆನ್ನು ನೆನೆಸಬೇಡಿ, ಬಾಕಿ ಎಲ್ಲ ಯಾವಾಗಲೂ ಇರುವ ಹಾಗೆ ಇರಿ, ಕುಡಿಯುವುದನ್ನು ಕುಡಿಯಿರಿ, ಬರೆಯಿರಿ ಎಂದಿದ್ದರು ಸಿಸ್ಟರ್. ಇವಳು ಮಾಡಿದ್ದೇನು? ಮೊದಲ ದಿನವೇ ನೀರು ಬಿಟ್ಟಳು. ಬಾತ್‌ರೂಮಿನ ಎದುರು ಕುರ್ಚಿ ಹಾಕಿಕೊಂಡು ಕೂತಳು. ಒತ್ತಡ ಬರುವ ಮೊದಲೇ ಎದ್ದು ಹೋಗಿ ಬರುತ್ತಿದ್ದಳು. ವರ್ಷಕ್ಕೊಂದು ಸಲ ಇನ್‌ಸ್ಪೆಕ್ಟರು ಬಂದು ಕ್ರೇನು ತಪಾಸಣೆ ಮಾಡುವಾಗ ಆಪರೇಟರುಗಳು ಎಲ್ಲವನ್ನೂ ಒರೆಸಿ, ತೊಟ್ಟಿಕ್ಕುವ ಎಣ್ಣೆಯ ಕೆಳಗೆ ಬಟ್ಟೆ ತುರುಕಿ, ಒಂದು ಕುಂದೂ ಕಾಣದ ಹಾಗೆ ನಿಲ್ಲಿಸುತ್ತಾರೆ. ಅದೇ ಅಭ್ಯಾಸ ಇಲ್ಲಿಗೂ ಬಂತು. ನಾಲ್ಕು ದಿನದ ಕಾಗದದಲ್ಲಿ ಒದ್ದೆಯಾದದ್ದು ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಅದನ್ನು ನೋಡಿ ಅವಳೇ ಹಿಗ್ಗಿದಳು.

ಐದನೆಯ ದಿನ ಬೆಳಿಗ್ಗೆ ಸಿಸ್ಟರ್ ಫೋನ್ ಮಾಡಿ ಕಾಗದ ಓದಿಸಿದರು.

"ಕುಡಿದದ್ದರ ಸಾಲು ಓದಿ."

"ನಿನ್ನೆ ಎರಡು ಲೋಟ ಸಿಸ್ಟರ್. ಮೊನ್ನೆ ಎರಡೂವರೆ."

"ಮೊದಲಿನ ಕಾಗದದಲ್ಲಿ ದಿನಕ್ಕೆ ಎಂಟು ಲೋಟ ಇತ್ತಲ್ಲ. ನೋಡಿ, ತಂತಿ ಕೆಲಸ ಮಾಡ್ತಿದ್ಯೋ, ನೀವು ನೀರು ಕುಡೀತಿಲ್ಲ ಅಂತ ಹೀಗಾಗಿದ್ಯೋ, ಇದರಲ್ಲಿ ಗೊತ್ತಾಗೋದೇ ಇಲ್ಲ. ಪರೀಕ್ಷೆ ತಂತಿಗೆ, ನಿಮಗಲ್ಲ. ಇನ್ನೂ ಆರು ದಿನ ಇದೆ. ಕುಡೀರಿ. ಹೀಗೇ ಬಂದ್ರೆ ಡಾಕ್ಟರು ಒಳಗಡೆ ಕೂರಿಸೋಕೆ ಒಪ್ಪಲ್ಲ."

ಫೋನಿಟ್ಟ ಮೇಲೆ ಅವಳು ಒಂದು ಲೋಟ ನೀರು ತುಂಬಿಕೊಂಡು ಮುಂದಿಟ್ಟುಕೊಂಡಳು. ಕುಡಿಯಲಿಲ್ಲ. ಸಿಸ್ಟರ್ ಹೇಳಿದ್ದು ಅರ್ಥವಾಗಲಿಲ್ಲವೆಂದಲ್ಲ. ಕುಡಿದ ಮೇಲೆ ಒದ್ದೆಯಾದರೆ ಈ ದಾರಿಯೂ ಮುಚ್ಚಿದ ಹಾಗೆ. ಅದು ಗೊತ್ತಾಗುವುದೇ ಅವಳಿಗೆ ಬೇಕಿರಲಿಲ್ಲ. ಸೊನ್ನೆ ಸುಳ್ಳಾದರೂ ಸೊನ್ನೆಯಾಗಿಯೇ ಇರಲಿ ಎನ್ನಿಸುತ್ತಿತ್ತು.

ಅವತ್ತು ಮಧ್ಯಾಹ್ನ ಸಿಗ್ನಲ್ಲಣ್ಣ ನೋಡಲು ಬಂದರು. ಆಪರೇಷನ್ ಅಂತೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ತಮಾಷೆಯೆಂದರೆ ಹನ್ನೊಂದು ವರ್ಷದಲ್ಲಿ ಇಬ್ಬರೂ ಎದುರೆದುರು ಕೂತು ಮಾತಾಡಿದವರೇ ಅಲ್ಲ. ವಾಕಿಟಾಕಿ ಇಲ್ಲದೆ ಇಬ್ಬರಿಗೂ ಬಾಯಿ ಕಟ್ಟಿತು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಇವಳು ಹಣ್ಣಿನ ಚೀಲ ನೋಡಿದಳು. "ಮತ್ತೆ?" "ಮತ್ತೇನಣ್ಣ." ಹತ್ತು ನಿಮಿಷ ಹೀಗೇ ಆಗಿ, ಅವರು ಎದ್ದು ಹೊರಟರು.

ಬಸ್‌ಸ್ಟಾಪಿನಿಂದ ಫೋನ್ ಬಂತು. "ಮೇಲಕ್ಕ, ನಾನು. ಈಗ ಹೇಳಿ, ಏನು ಸಮಾಚಾರ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಏಳು ವರ್ಷದ್ದೆಲ್ಲ ಹೇಳಿಬಿಟ್ಟಳು. ಹೊಟ್ಟೆನೋವು ಸುಳ್ಳು, ತಲೆಸುತ್ತು ಸುಳ್ಳು, ಸ್ಲ್ಯಾಬಿನ ಗೆರೆ ತನ್ನಿಂದಾದದ್ದು, ಬೆನ್ನಿನಲ್ಲಿ ತಂತಿ, ಕಾಗದದಲ್ಲಿ ಸೊನ್ನೆ, ಮುಂದೆ ಲೋಟ. ಆ ಕಡೆ ಬಸ್ಸೊಂದು ಬಂದು ನಿಂತು ಹೋದ ಸದ್ದು ಕೇಳಿಸಿತು. ಸಿಗ್ನಲ್ಲಣ್ಣ ಹತ್ತಲಿಲ್ಲ.

"ಕೇಳಿಸ್ತು" ಎಂದರು. ಆಮೇಲೆ, "ಭಾರ ಎತ್ತೋ ಮುಂಚೆ ದಿನಾ ನಾನು ಏನು ಹೇಳ್ತೀನಿ?"

"ಒಂದು ಗೇಣು ಎತ್ತಿ ನಿಲ್ಸಿ, ಅಂತ."

"ಯಾತಕ್ಕೆ?"

"ಬ್ರೇಕ್ ಹಿಡಿಯುತ್ತೋ ಇಲ್ವೋ ನೋಡೋಕೆ."

"ಬರೀ ಕೊಕ್ಕೆ ಎತ್ತಿ ನಿಲ್ಸಿದ್ರೆ ಬ್ರೇಕ್ ಬಗ್ಗೆ ಏನು ಗೊತ್ತಾಗುತ್ತೆ? ನೀವು ನಾಲ್ಕು ದಿನದಿಂದ ಬರೀ ಕೊಕ್ಕೆ ಎತ್ತುತ್ತಾ ಇದ್ದೀರಿ. ಭಾರ ಕಟ್ಟಿ ಮೇಲಕ್ಕ."

"ಬಿದ್ರೆ ಅಣ್ಣ?"

"ಒಂದು ಗೇಣಿಂದ ಬಿದ್ರೆ ಯಾರೂ ಸಾಯಲ್ಲ. ಅದಕ್ಕೇ ಅಲ್ವಾ ಒಂದೇ ಗೇಣು ಎತ್ತೋದು."

ಅವಳು ಲೋಟ ಎತ್ತಿ ಕುಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಇನ್ನೊಂದು ಲೋಟ ತಂದಿಟ್ಟರು. ಬಾತ್‌ರೂಮಿನ ಎದುರಿನ ಕುರ್ಚಿಯನ್ನು ಎತ್ತಿ ಬೀದಿ ಕಡೆಯ ಕಿಟಕಿಯ ಹತ್ತಿರ ಹಾಕಿದರು.

ಒಂದು ಗಂಟೆಯಾಯಿತು. ಬೇಕೆನ್ನಿಸಿತು, ಆದರೆ ಅದು ಎದೆಗೆ ಬಂದು ಗುದ್ದುವಂಥದ್ದಲ್ಲ. ಒಂದೂವರೆ ಗಂಟೆಗೆ ಅತ್ತೆ ಬೇಕೆಂದೇ ಅಡುಗೆಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟರು. ನಲ್ಲಿಯ ಸದ್ದು ಕೇಳಿದರೆ ಸಾಕು ಓಡಬೇಕಾಗುತ್ತಿದ್ದ ಹೆಂಗಸರು ಅವರಿಬ್ಬರೂ.

"ಏನಾದ್ರೂ ಆಯ್ತಾ?" ಎಂದು ಒಳಗಿನಿಂದ ಕೂಗಿದರು.

"ಇಲ್ಲ ಅತ್ತೆ."

"ನಿಜ ಹೇಳು."

"ಇಲ್ಲ ಅತ್ತೆ, ನಿಜವಾಗ್ಲೂ ಇಲ್ಲ" ಎಂದವಳು ನಗಲು ಹೋಗಿ ಅತ್ತುಬಿಟ್ಟಳು. ನಲ್ಲಿ ನಿಲ್ಲಿಸದೆ ಅತ್ತೆ ಮಾತ್ರ ಬಾತ್‌ರೂಮಿಗೆ ಓಡಿದರು.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಅವಳು ಎದ್ದು, ನಡೆದುಕೊಂಡೇ ಹೋಗಿ ಬಂದಳು. ಮುನ್ನೂರ ಇಪ್ಪತ್ತು ಎಂ.ಎಲ್. ಅಷ್ಟು ದೊಡ್ಡ ಅಂಕಿಯನ್ನು ಆ ಕಾಗದದಲ್ಲಿ ಅವಳು ಬರೆದದ್ದು ಅದೇ ಮೊದಲು. ಉಳಿದ ದಿನಗಳೆಲ್ಲ ಎಂಟು ಲೋಟ ಕುಡಿದಳು. ಎಂಟನೆಯ ದಿನ ಅತ್ತೆಯ ಜೊತೆ ಅಂಗಡಿಗೆ ಹೋಗಿ ಬಂದು ಮನೆಯ ಬೀಗ ತೆಗೆಯುವಾಗ ಸ್ವಲ್ಪ ಒದ್ದೆಯಾಯಿತು. ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿ, 'ಒಂದು ಸಲ, ಸ್ವಲ್ಪ' ಎಂದು ಇದ್ದದ್ದನ್ನು ಇದ್ದ ಹಾಗೆಯೇ ಬರೆದಳು. ಸಿಸ್ಟರ್ ಮೊದಲ ನಾಲ್ಕು ದಿನಗಳ ಮೇಲೆ ಗೀಟು ಎಳೆದು ಉಳಿದದ್ದನ್ನು ಓದಿದರು. ಹದಿನೇಳು ಇದ್ದದ್ದು ಎಂಟಾಗಿತ್ತು. "ಇದು ಕಾಗದ ಅಂದ್ರೆ" ಎಂದು ಅದನ್ನು ಡಾಕ್ಟರಮ್ಮನ ಮುಂದಿಟ್ಟರು.

ಡಬ್ಬಿ ಒಳಗೆ ಕೂತಿತು, ಸೊಂಟದ ಕೆಳಗೆ ಚರ್ಮದಡಿ ಒಂದು ಸಣ್ಣ ಉಬ್ಬು, ಅಷ್ಟೆ. ಗಾಯ ಆರುವವರೆಗೆ ಏಣಿ ಹತ್ತುವ ಹಾಗಿರಲಿಲ್ಲ. ಆ ದಿನಗಳಲ್ಲಿ ಮೇಲಕ್ಕ ಎಂಜಿನಿಯರ ಆಫೀಸಿಗೆ ಹೋಗಿ, ಅವರು ಕೇಳದಿದ್ದರೂ, ಕಾಯಿಲೆಯ ಹೆಸರು, ತಂತಿ, ಡಬ್ಬಿ ಎಲ್ಲ ಬಿಡಿಸಿ ಹೇಳಿದಳು. ಎಂಜಿನಿಯರು ಮೇಜಿನ ಮೇಲಿನ ಪೆನ್ಸಿಲುಗಳನ್ನು ಜೋಡಿಸುತ್ತ ಕಿವಿ ಕೆಂಪು ಮಾಡಿಕೊಂಡರು. ಡಾಕ್ಟರ ಸರ್ಟಿಫಿಕೇಟು ಓದಿ, "ಮೊದಲ ಸ್ಲ್ಯಾಬ್ ನೀವೇ ಹಾಕಿ. ನೋಡೋಣ" ಎಂದರು. ನೋಡೋಣ ಎಂದರೆ ಒಪ್ಪಿದರೆಂದಲ್ಲ. ಅದು ಅವಳಿಗೂ ಗೊತ್ತಿತ್ತು.

ಅತ್ತೆಯನ್ನೂ ಅವಳೇ ಎಳೆದುಕೊಂಡು ಹೋದಳು. "ಎಪ್ಪತ್ತರ ಮೇಲೆ ನನಗ್ಯಾಕೆ" ಎಂದರು. ಕಾಲಿನ ಸೂಜಿಗೆ ವಯಸ್ಸು ಅಡ್ಡಿಯಿಲ್ಲವೆಂದರು ಡಾಕ್ಟರಮ್ಮ. ಈಗ ವಾರಕ್ಕೊಂದು ದಿನ ಜಂಬದ ರಾಣಿ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ. ಐದು ವಾರವಾಗಿದೆ. ಗುಣ ಇನ್ನೂ ಅಷ್ಟಕ್ಕಷ್ಟೇ. ಆದರೆ ಅಲ್ಲಿ ಕಾಲು ಚಾಚಿ ಕೂರುವ ಹೆಂಗಸರ ಜೊತೆ ಹರಟೆ ಹೊಡೆದು ಬಂದ ದಿನ ಮನೆಯಲ್ಲಿ ಅವರ ಮಾತು ನಿಲ್ಲುವುದಿಲ್ಲ.

ಹೊಸ ಕ್ರೇನು ನಿಂತಿತು. ಮೊದಲ ಸ್ಲ್ಯಾಬಿನ ದಿನ ಮೇಲಕ್ಕ ತೊಂಬತ್ತು ಮೀಟರ್ ಏಣಿಯನ್ನು ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಏಳೂವರೆಗೆ ಮೊದಲ ಬಕೆಟ್ ಮೇಲೆದ್ದಿತು. ಒಂಬತ್ತೂವರೆಗೆ ಒತ್ತಡ ಬಂತು. ಅವಳ ಕೈ ಹಿಡಿಯ ಮೇಲೆ ಬಿಗಿಯಾಯಿತು, ಹಳೆಯ ಹೆದರಿಕೆ ಎದೆಗೆ ಏರಿತು. ಒತ್ತಡ ಸ್ವಲ್ಪ ಹೊತ್ತು ಇದ್ದು, ತಾನಾಗಿ ಇಳಿಯಿತು. ಹೆದರಿಕೆ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಎಂಟು ಹತ್ತು ಬಕೆಟ್ ಹೋಗಿ ಬಂದ ಮೇಲೆ ಅದೂ ಹೋಯಿತು. ಹನ್ನೊಂದೂವರೆಗೆ ಸ್ಲ್ಯಾಬ್ ಮುಗಿಯಿತು. ಎಲ್ಲೂ ಗೆರೆಯಿರಲಿಲ್ಲ.

"ಮೇಲಕ್ಕ, ಎಂಜಿನಿಯರು ನಾಳೆಯಿಂದ ನೀವೇ ಅಂತಿದ್ದಾರೆ" ಎಂದರು ಸಿಗ್ನಲ್ಲಣ್ಣ. "ಇಳೀತೀರಾ?"

"ಊಟದ ಗಂಟೆ ಹೊಡೀಲಿ ಅಣ್ಣ. ಎಲ್ಲರ ಜೊತೆ ಬರ್ತೀನಿ."

ಯಾರ್ಡಿನ ಹಿಂದೆ ಹೆಂಗಸರಿಗೆಂದು ಇದ್ದದ್ದು ಎರಡು ಬಾಗಿಲು, ಅದರಲ್ಲೊಂದರ ಚಿಲಕ ಕೆಟ್ಟಿತ್ತು. ಊಟದ ಹೊತ್ತಿನಲ್ಲಿ ಅಲ್ಲಿ ಏಳೆಂಟು ಜನರ ಸಾಲು. ಮೇಲಕ್ಕ ಅಂಥ ಸಾಲಿನಲ್ಲಿ ಯಾವತ್ತೂ ನಿಂತವಳಲ್ಲ. ಜನವಿಲ್ಲದ ಹೊತ್ತು ನೋಡಿ ಓಡಿಬಂದು ನುಗ್ಗುತ್ತಿದ್ದವಳು. ಅವಳಿಗೂ ಹೋಗಬೇಕಿತ್ತು, ಆದರೆ ಎಲ್ಲರಿಗೂ ಬೇಕಾಗುವಷ್ಟೇ. ಸಾಲು ಸರಿಯಿತು, ಅವಳ ಸರದಿ ಬಂತು. ಹಿಂದೆ ಟೈಲ್ಸ್ ಕೆಲಸದ ಹೆಂಗಸೊಬ್ಬಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಬಾಗಿಲಿನ ಮೇಲೆ ಕಣ್ಣು ನೆಟ್ಟು, ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದಳು. ಮೇಲಕ್ಕನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ನೀನು ಹೋಗಮ್ಮ" ಎಂದು ಪಕ್ಕಕ್ಕೆ ಸರಿದಳು. "ನಾನು ಕಾಯ್ತೀನಿ."

ಏಳು ವರ್ಷದಲ್ಲಿ ಅವಳು ಯಾರಿಗೂ ಹೇಳಲಾಗದೆ ಹೋದ ಮಾತು ಅದು. ಆ ಹೆಂಗಸು ತಿರುಗಿಯೂ ನೋಡದೆ ಒಳಗೆ ಓಡಿದಳು. ಅವಳು ಬಂದ ಮೇಲೆ ಕೊಡೋಣವೆಂದು ಮೇಲಕ್ಕ ಫೋನಿನಲ್ಲಿ ಸಿಸ್ಟರ್ ನಂಬರು ಹುಡುಕುತ್ತ ಬಾಗಿಲ ಹೊರಗೆ ನಿಂತಳು.